ಹದಿನೇಳನೇ ಬೋರಿನ ಸುತ್ತ

ಮತ್ತೆ ಬಂತು, ಅದೇ ಕೆಂಪು ಉಂಗುರ, ಒಂದರೊಳಗೊಂದು ಆರು ಗೆರೆ, ನಕ್ಷೆಯ ನಟ್ಟನಡುವೆ ಯಾರೋ ಕಾಫಿ ಲೋಟ ಇಟ್ಟು ಎತ್ತಿದ ಹಾಗೆ — ಗೆರೆಗೂ ಗೆರೆಗೂ ನಡುವೆ ನೀರಿನ ಆಳದ ಅಂತರ ಹತ್ತು ಅಡಿ ಇದ್ದದ್ದನ್ನು ಇಪ್ಪತ್ತು ಮಾಡಿದೆ, ಹನ್ನೆರಡು ಗೆರೆ ಆರಾಯಿತು, ಅಷ್ಟೇ, ಉಂಗುರ ಮಾತ್ರ ಕೂತ ಜಾಗ ಬಿಟ್ಟು ಕದಲಲಿಲ್ಲ, ಮೂರು ಗಂಟೆಗೆ ಪ್ರಿಂಟ್ ಬೇಕಂತೆ, ಈಗ ಎರಡೂ ಇಪ್ಪತ್ತು, ಅರಸೀಕೆರೆಯ ಈ ಆಫೀಸಿನ ಫ್ಯಾನು ಗಾಳಿಗಿಂತ ಸದ್ದನ್ನೇ ಜಾಸ್ತಿ ಕೊಡುತ್ತದೆ, ನಾಳೆ ಬೆಳಗ್ಗೆ ಜಾವಗಲ್ ದಾಟಿ ನಮ್ಮೂರಿಗೆ ಬೋರ್ ಕೊರೆಯುವ ಲಾರಿ ಹೋಗುತ್ತದೆ, ಊರಿಗೆಲ್ಲ ಕುಡಿಯುವ ನೀರಿಗೆ ಒಂದೇ ಒಂದು ಬೋರು ಮಂಜೂರಾಗಿದೆ, ಎಲ್ಲಿ ಕೊರೆಯಬೇಕೆಂದು ಈ ನಕ್ಷೆ ಹೇಳಬೇಕು, ನಕ್ಷೆ ಬರೆಯುವ ಗುತ್ತಿಗೆ ನೌಕರಿಯವಳು ಲತಾಮಣಿ, ಅಂದರೆ ನಾನು, ಅದೇ ಊರಿನ ಮಗಳು, ನನ್ನ ಕರ್ಮ. ಈ ಸಾಫ್ಟ್‌ವೇರ್ ಬೇರೆ, ಎಣ್ಣೆ ಬಾವಿಗೆ, ಗ್ಯಾಸ್ ಬಾವಿಗೆ ಅಂತ ಮಾಡಿದ್ದು, ಯಾರೋ ಪುಕ್ಕಟೆ ಕೊಟ್ಟರಂತೆ, ಇವರು ತಂದು ನನ್ನ ತಲೆಗೆ ಕಟ್ಟಿದರು, ತೆರೆದಾಗಲೆಲ್ಲ ಆಯಿಲ್ಲೋ ಗ್ಯಾಸೋ ಎಂದು ಕೇಳುತ್ತದೆ, ನೀರು ಕಟ್ಟಕಡೆಗೆ, ಕೊಚ್ಚೆ ಬಣ್ಣದಲ್ಲಿ, ಎಣ್ಣೆ ತೆಗೆಯುವವರಿಗೆ ನೀರು ಬೇಡದ ಪದಾರ್ಥವಂತೆ, ಒಂದು ಬೇಸಿಗೆ ನಮ್ಮೂರಲ್ಲಿ ಇದ್ದು ನೋಡಲಿ. ಬಣ್ಣ ಬದಲಿಸಿದೆ, ಹೆಸರು ಬದಲಿಸಿದೆ, ಎಷ್ಟು ದೂರದ ಬೋರನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂಬುದನ್ನೂ ಬದಲಿಸಿದೆ, ಉಂಗುರ ಅಲ್ಲೇ, ಅದೇನ್ರೀ ಲತಾಮಣಿ ಕಣ್ಣು ಬಿಟ್ಟಂಗಿದೆ, ಸ್ಮೂತ್ ಮಾಡ್ರೀ, ಎಂದು ಬೆಳಗ್ಗೆಯೇ ಇಂಜಿನಿಯರ್ ಜಯದೇವಪ್ಪನವರು ಹೇಳಿ ಹೋಗಿದ್ದಾರೆ, ಹೇಳುವುದಕ್ಕೇನು, ಸ್ಮೂತ್ ಒಂದಕ್ಕಿಟ್ಟರೆ ಉಂಗುರ ಮಸುಕಾಗುತ್ತದೆ, ಎರಡಕ್ಕಿಟ್ಟರೆ ಹರಡುತ್ತದೆ, ಮೂರಕ್ಕಿಟ್ಟರೆ ನಮ್ಮ ಕೇರಿಯೆಲ್ಲ ಕೆಂಪಾಗಿ ಶಾಲೆಯ ಅರ್ಧವನ್ನೂ ನುಂಗುತ್ತದೆ, ರೇಜಿಗೆ ಹಿಡಿದು ಉಂಗುರದ ನಡುವಿನ ಹದಿನೇಳನೇ ಬೋರಿನ ಟಿಕ್ಕನ್ನೇ ತೆಗೆದೆ, ತಕ್ಷಣ ಗೆರೆಗಳು ನೀಟಾಗಿ ನೆಟ್ಟಗಾದವು, ಕೇರಿಯ ಮೇಲೆ ಹಾದು ಹೋದವು, ಅಲ್ಲಿ ಯಾರೂ ಇಲ್ಲವೇ ಇಲ್ಲ ಎನ್ನುವ ಹಾಗೆ, ನೋಡಲಾಗಲಿಲ್ಲ, ಮತ್ತೆ ಟಿಕ್ ಹಾಕಿದೆ.

ಊರಿನಲ್ಲಿ ಬೋರು ನಲವತ್ತಮೂರು, ಎಲ್ಲಕ್ಕೂ ನೀರು ಸಿಕ್ಕಿದ್ದು ಮುನ್ನೂರು ಅಡಿಯ ಆಚೀಚೆ, ಹದಿನೇಳನೆಯದಕ್ಕೆ ಮಾತ್ರ ನಾನೂರಿಪ್ಪತ್ತು ಎಂದು ಸರ್ವೆ ಫಾರಮ್ಮಿನಲ್ಲಿ ಬರೆದಿದೆ, ಹದಿನೇಳು ಯಾರದು, ನಮ್ಮದೇ, ನಮ್ಮಪ್ಪ ದ್ಯಾವಯ್ಯನದು, ಕೇರಿಯ ಕೊನೆಯ ಹಿತ್ತಲಿನದು, ಅದು ನಾನೂರಿಪ್ಪತ್ತಲ್ಲ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು, ಕೊರೆಯುವ ದಿನ ನಾನೇ ನಿಂತಿದ್ದೆ, ಇಪ್ಪತ್ತಡಿಯ ರಾಡು ಒಂದೊಂದೇ ಇಳಿಯುತ್ತಿತ್ತು, ಎಂಟನೆಯದಕ್ಕೇ ಧೂಳು ನಿಂತು ಬಿಳಿ ಕೆಸರು ಎದ್ದು ನನ್ನ ಚೂಡಿದಾರಕ್ಕೆಲ್ಲ ಹಾರಿತು, ನೂರ ಅರವತ್ತು, ಖಂಡಿತ — ಫೋನ್ ಮಾಡಿದೆ, ಅಪ್ಪ, ಸರ್ವೆಯವರಿಗೆ ನಮ್ಮ ಬೋರು ಎಷ್ಟಡಿ ಅಂತ ಹೇಳಿದೆ ನೀನು, ನಾನೂರಿಪ್ಪತ್ತು ಅಂದೆ ಕಣವ್ವ, ಯಾಕಪ್ಪ, ಪಕ್ಕದಾಗೆ ತಮ್ಮಯ್ಯ ನಿಂತಿದ್ನಲ್ಲ, ಅವನ ಬೋರು ಬತ್ತಿ ಇನ್ನೂ ಒಂದ್ ವಾರ ಆಗಿರ್ನಿಲ್ಲ, ಅವನ ಮುಂದೆ ನಮ್ದು ನೂರರವತ್ತಕ್ಕೇ ಐತೆ ಅನ್ನಕಾಯ್ತದಾ. ಹೌದು, ನಮ್ಮ ಕಡೆ ಹಾಗೆಯೇ, ಬೋರು ಬತ್ತಿದವನ ಎದುರು ನೀರಿರುವವನು ತನ್ನ ನೀರಿನ ಸುದ್ದಿ ಎತ್ತುವುದಿಲ್ಲ, ಕೇಳಿದರೂ ಏನೋ ತೊಟ್ಟಿಕ್ತದೆ ಅನ್ನುತ್ತಾನೆ, ಕಣ್ಣಾಗುತ್ತದೆ ಎಂಬುದೂ ಇದೆ, ನೊಂದವನ ಹೊಟ್ಟೆ ಉರಿಸಬಾರದು ಎಂಬುದೂ ಇದೆ, ಸರಿಯಪ್ಪ, ಮರ್ಯಾದಸ್ಥ ನೀನು, ಆದರೆ ಅದನ್ನು ಸರ್ಕಾರದ ಫಾರಮ್ಮಿಗೆ ಬರೆಸುತ್ತಾರಾ, ತಮ್ಮಯ್ಯ ಅತ್ತ ಹೋದ ಮೇಲಾದರೂ ಸರ್ವೆಯವರ ಕಿವಿಗೆ ಹಾಕಬಾರದಿತ್ತಾ — ಹಾಕ್ಬೋದಿತ್ತು, ಬೇಕಂತ್ಲೇ ಹಾಕ್ನಿಲ್ಲ ಅಂದ ಅಪ್ಪ, ನಿಜ ಬರ್ಕೊಂಡ್ರೆ ಬೋರು ನಮ್ಮ ಕೇರೀಲಿ ಕೊರೀತಾರೆ, ಸರಿ, ಟ್ಯಾಂಕ್ ಯಾರ ಬೀದೀಲಿ ಕಟ್ತಾರೆ, ಹೇಳು ನೀನು. ನಾನಾಗ ಏಳನೇ ಕ್ಲಾಸಿನಲ್ಲಿದ್ದೆ, ಪಂಚಾಯ್ತಿಯವರು ಕೇರಿಯಲ್ಲಿ ಬೋರು ಕೊರೆಸಿದರು, ಸಿಹಿ ನೀರು, ಅಪ್ಪ ಊರಿಗೆಲ್ಲ ಸಕ್ಕರೆ ಹಂಚಿದ, ಎರಡೇ ತಿಂಗಳಿಗೆ ಪೈಪು ಮೇಲಿನ ಬೀದಿಗೆ ಹೋಯಿತು, ಟ್ಯಾಂಕು ಅಲ್ಲಿ, ವಾಲ್ವ್ ಅಲ್ಲಿ, ತಿರುಗಿಸುವ ಕೈ ಅಲ್ಲಿಯದು, ನಮಗೆ ಲೈನಿನ ತುದಿಯಲ್ಲಿ ಒಂದು ನಲ್ಲಿ, ದಿನ ಬಿಟ್ಟು ದಿನ, ಅವ್ವ ಮುದ್ದಮ್ಮ ನಮ್ಮ ನೆಲದಲ್ಲೇ ಹುಟ್ಟಿದ ನೀರಿಗೆ ಕೊಡ ಹಿಡಿದು ಅರ್ಧ ದಿನ ನಿಲ್ಲುತ್ತಿದ್ದಳು, ಆ ಬೋರೂ ಬತ್ತಿತು, ಆಮೇಲೆ ಅಪ್ಪ ಹಿತ್ತಲಿನಲ್ಲಿ ಈ ಹದಿನೇಳನೆಯದನ್ನು ಕೊರೆಸಿ ಯಾರಿಗೂ ಅಡಿ ಹೇಳಲಿಲ್ಲ, ಇವತ್ತಿಗೂ ಎಂಟು ಮನೆ ಅದರಲ್ಲೇ ಕುಡಿಯುತ್ತವೆ, ಪಕ್ಕದಲ್ಲೇ ದೊಡ್ಡ ಬೋರು ಬಂದರೆ ಇದರ ನೀರನ್ನೂ ಅದೇ ಎಳೆಯುತ್ತದೆ. ಎಲ್ಲ ಸರಿ, ಆದರೆ ನನಗೆ ಯಾಕೆ ಈ ಗ್ರಹಚಾರ, ಸುಳ್ಳು ನಕ್ಷೆ ಬರಿಯಲಾ ಅಪ್ಪ, ಇದಕ್ಕಾ ನನ್ನ ಓದಿಸಿದ್ದು ಎಂದು ರೇಗಿದೆ, ನೀನು ಓದಿದೀಯ, ನಿಂಗೆ ಗೊತ್ತಾಯ್ತದೆ ಬಿಡವ್ವ ಎಂದು ಫೋನಿಟ್ಟುಬಿಟ್ಟ, ಹೀಗೆ ಅಂದರೆ ಮೈಯೆಲ್ಲ ಉರಿಯುತ್ತದೆ.

ಎರಡೂ ಐವತ್ತು, ಸಾಕು, ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ, ಲೆಕ್ಕಕ್ಕೆ ಅಪ್ಪನೂ ಇಲ್ಲ ಅವ್ವನೂ ಇಲ್ಲ, ನಾಲ್ಕು ಎರಡು ಸೊನ್ನೆ ಅಳಿಸಿ ಒಂದು ಆರು ಸೊನ್ನೆ ಒತ್ತಿದೆ, ಗೆರೆಗಳು ಮಾಯವಾದವು, ಬಂದವು — ಅಯ್ಯೋ ದೇವರೇ, ಮತ್ತೆ ಉಂಗುರ, ಈಗ ನೀಲಿ, ಆರಲ್ಲ ಏಳು ಗೆರೆ, ಹಳ್ಳವಿದ್ದದ್ದು ದಿಬ್ಬವಾಗಿದೆ, ಜಾಗ ಅದೇ, ಸುತ್ತು ಅದೇ, ಸುಳ್ಳು ಬರೆದರೂ ನಿಜ ಬರೆದರೂ ನಮ್ಮ ಕೇರಿಗೊಂದು ಬೇಲಿ, ಹಿಂದೆ ಟೀ ವಾಸನೆ, ಜಯದೇವಪ್ಪನವರು, ಆಹಾ ಇಲ್ನೋಡ್ರೀ, ನೂರರವತ್ತಕ್ಕೇ ನೀರು, ಇದೇ ಪಾಯಿಂಟು, ಯಾರ ಜಾಗಾನ್ರೀ ಇದು, ಎಂದು ಬಗ್ಗಿ ಉಂಗುರದ ನಡುವೆ ಬೆರಳಿಟ್ಟರು, ಅವರ ಬೆರಳು ನಮ್ಮ ಹಿತ್ತಲ ಮೇಲಿದೆ, ಅವ್ವ ಬಟ್ಟೆ ಒಗೆಯುವ ಕಲ್ಲಿನ ಮೇಲೆ, ಎಂಟು ಮನೆಯ ಕೊಡಗಳ ಮೇಲೆ, ಹೇಳು ಲತಾಮಣಿ, ಬಾಯಿ ಬಿಡು, ಈಗ ತಾನೇ ಅಪ್ಪನಿಗೆ ಅಷ್ಟು ಬೈದೆಯಲ್ಲ — ಅಲ್ಲಿ ನೀರಿಲ್ಲ ಸಾರ್, ಎಂಟ್ರಿ ತಪ್ಪಾಗಿದೆ, ನಾನೂರಿಪ್ಪತ್ತು. ಅಪ್ಪನಷ್ಟೇ ಸಲೀಸಾಗಿ ಬಂತು, ಕಣ್ಣೂ ಮಿಟುಕಿಸಲಿಲ್ಲ, ನಾಚಿಕೆಯಾಯಿತು, ಕೋಪ ಬಂತು, ಯಾರ ಮೇಲೆಂದು ಗೊತ್ತಾಗಲಿಲ್ಲ, ಏನ್ರೀ ನೀವು, ಬೇಗ ಸರಿ ಮಾಡಿ, ಪಾಯಿಂಟ್ ಮೇಲಿನ ಬೀದಿಗೆ ಹಾಕಿ ಪ್ರಿಂಟ್ ತೆಗೀರಿ, ಎಂದು ಅವರು ಬೆರಳು ತೆಗೆದರು, ಹೋದರು, ನಾಲ್ಕು, ಎರಡು, ಸೊನ್ನೆ — ನೀಲಿ ಹೋಯಿತು, ಒಂದು ಗೆರೆ ಕೆಂಪಾಗಿ ಬಂತು, ಅದರೊಳಗೆ ಇನ್ನೊಂದು, ಅದರೊಳಗೆ ಇನ್ನೊಂದು, ಕೇರಿಯ ಸುತ್ತ, ಉಂಗುರ,