ಅಳಿಯ ಕೂಗಿದ ಇಂಗ್ಲಿಷ್ ಮಾತು

ಇಂಗ್ಲಿಷ್ ಬಾರದೆ ಮರ್ಯಾದೆ ಕಳೆದುಕೊಂಡವರು ಗುಂಡ್ಲುಪೇಟೆಯಲ್ಲಿ ಬೇಕಾದಷ್ಟು ಜನ ಇದ್ದರು. ಇಂಗ್ಲಿಷ್ ಬಂದು ಮರ್ಯಾದೆ ಕಳೆದುಕೊಂಡವನು ಪುಟ್ಟಮಾದಯ್ಯ ಮೇಷ್ಟ್ರು ಒಬ್ಬನೇ. ಅದಾದರೂ ಎಂಥ ಇಂಗ್ಲಿಷ್? ಮಕ್ಕಳಿಗೆ ಮೊದಲನೇ ದಿನ ಹೇಳಿಕೊಡುವ ಮಾತು. ಕರಿಹಲಗೆಯ ಮೇಲೆ ಮೂರು ಅಕ್ಷರ ಬರೆದು "ಬಾಯ್ ಅಂದರೆ ಹುಡುಗ" ಎಂದು ಅವನು ಹೇಳಿದರೆ, ಇಡೀ ಕ್ಲಾಸು "ಬಾಯ್ ಅಂದರೆ ಹುಡುಗ" ಎಂದು ಹೆಂಚು ಹಾರಿಹೋಗುವ ಹಾಗೆ ಒದರುತ್ತಿತ್ತು. ಅರ್ಥ ಅಷ್ಟೇ ಎಂದು ಮಕ್ಕಳೂ ನಂಬಿದ್ದರು, ಮೇಷ್ಟ್ರೂ ನಂಬಿದ್ದ.

ಮೈಸೂರು ರಾಜ್ಯ ದೊಡ್ಡದಾದ ಮರುವರ್ಷದ ಮಾತು. ಪುಟ್ಟಮಾದಯ್ಯನ ತಂಗಿ ಚಾಮುಂಡಿಗೆ ಬೇಗೂರಿನಲ್ಲಿ ಗಂಡು ಗೊತ್ತಾಗಿತ್ತು. ಅವನ ಹುಟ್ಟೂರು ಹಂಗಳದ ಮನೆಯಲ್ಲಿ ಮದುವೆಯ ಓಡಾಟ ಶುರುವಾಗಿತ್ತು. ಹೆಣ್ಣನ್ನು ಎತ್ತಿಕೊಂಡು ಬಂದು ಹಸೆಮಣೆಯ ಮೇಲೆ ಕೂರಿಸಬೇಕಾದವನು ಸೋದರಮಾವ. ಅವನಿಲ್ಲದೆ ಆ ಕಡೆಯ ಒಕ್ಕಲುಗಳಲ್ಲಿ ಮದುವೆಗೆ ಕಳೆಯೇ ಇಲ್ಲ. ಅವ್ವ ಬಸವಮ್ಮನಿಗೆ ಒಡಹುಟ್ಟಿದವನು ಅಂತ ಇದ್ದವನು ನಂಜಯ್ಯ ಒಬ್ಬನೇ. ಬಂಡೀಪುರದ ಕಾಡಿನಲ್ಲಿ ದೊರೆಗಳ ಸಾಮಾನು ಹೊತ್ತು ಹೋಗುತ್ತಿದ್ದಾಗ ಒಂಟಿ ಸಲಗ ಅವನನ್ನು ತುಳಿದು ಹಾಕಿತ್ತು. ಹೆಣವನ್ನು ಎತ್ತಿನ ಗಾಡಿಯಲ್ಲಿ ಹಂಗಳಕ್ಕೆ ತಂದವನು ಅವನ ಜೊತೆಗಾರ ಕಲಂದರ್ ಸಾಬ. ಎದೆ ಬಡಿದುಕೊಂಡು ಅಳುತ್ತಿದ್ದ ಬಸವಮ್ಮನ ಮುಂದೆ ಕುಕ್ಕರುಗಾಲಲ್ಲಿ ಕೂತು, "ಇವತ್ತಿಂದ ನಾನೇ ನಿನ್ನ ಅಣ್ಣ ಕಣವ್ವ" ಅಂದಿದ್ದ.

ಸಾವಿನ ಮನೆಯಲ್ಲಿ ಇಂಥ ಮಾತು ಹತ್ತು ಜನ ಆಡುತ್ತಾರೆ. ಕಲಂದರ್ ಆಡಿ ಮರೆಯಲಿಲ್ಲ. ಗೌರಿ ಹಬ್ಬ ಬಂತೆಂದರೆ ಬಳೆ, ಅರಿಸಿನ ಕುಂಕುಮ, ರವಿಕೆ ಕಣ ಹಿಡಿದುಕೊಂಡು ತವರಿನಿಂದ ಬಂದವನ ಹಾಗೆಯೇ ಹಟ್ಟಿಗೆ ಬರುತ್ತಿದ್ದ. ಪುಟ್ಟಮಾದಯ್ಯ ಓದಲು ಗುಂಡ್ಲುಪೇಟೆಗೆ ಬಂದಾಗ ಮಲಗಿದ್ದು ಅವನ ಮನೆಯ ಜಗಲಿಯಲ್ಲೇ, ಜ್ವರ ಬಂದಾಗ ಗಂಜಿ ಕುಡಿದದ್ದು ಅವನ ಹೆಂಡತಿ ಕರೀಮುನ್ನೀಸಾಳ ಕೈಯಲ್ಲೇ. ಮಾವ, ಅಳಿಯ ಎಂದೇ ಇಬ್ಬರ ಮಾತು. ಚಾಮುಂಡಿಯನ್ನು ಎತ್ತುವವನು ಕಲಂದರ್ ಮಾವನೇ ಎಂಬುದು ಅವಳು ಲಂಗ ಉಡುವ ಕಾಲದಿಂದಲೂ ನಿಂತ ಮಾತು. ದಾಯಾದಿಗಳು ಮೊದಮೊದಲು ಮುಖ ಸಿಂಡರಿಸಿದ್ದರು. "ನನ್ನಣ್ಣನ ಎಣ ತರೋಕೆ ನಿಮ್ಮಲ್ಲಿ ಯಾರ್ ಓಗಿದ್ರಿ?" ಎಂದು ಬಸವಮ್ಮ ಕೇಳಿದ ಮೇಲೆ ಸುಮ್ಮನಾದರು.

ಈ ಕಲಂದರ್ ಊಟಿ ರಸ್ತೆಯ ಬಂಗ್ಲೆಯಲ್ಲಿ ಅಡುಗೆ ಮಾಡಿ ಬಡಿಸುವವನು. ಊಟಿಗೆ ಹೋಗುವ ಬಿಳಿ ದೊರೆಗಳ ಕಾಲದಲ್ಲಿ ಸೇರಿದವನು, ದೊರೆಗಳು ಹೋಗಿ ಖಾದಿಯವರು ಬಂದರೂ ಅದೇ ಕೆಂಪು ಪಟ್ಟಿಯ ರುಮಾಲು ಸುತ್ತಿಕೊಂಡು ಅಲ್ಲೇ ಇದ್ದ.

ಮದುವೆಗೆ ಇನ್ನೂ ದಿನ ಇದೆ ಅನ್ನುವಾಗ ಮೈಸೂರಿನಿಂದ ಸ್ಕೂಲ್ ಇನ್‌ಸ್ಪೆಕ್ಟರು ಬಂದು ಬಂಗ್ಲೆಯಲ್ಲಿ ಇಳಿದರು. ಪುಟ್ಟಮಾದಯ್ಯನ ಪಾಠ ನೋಡಿ ಮೆಚ್ಚಿದರು. "ಮಧ್ಯಾಹ್ನ ಊಟಕ್ಕೆ ಬನ್ನಿ, ಚಾಮರಾಜನಗರದ ಹೈಸ್ಕೂಲಿನ ವಿಷಯ ಮಾತಾಡೋಣ" ಅಂದರು. ಮೇಷ್ಟ್ರಿಗೆ ಕಾಲು ನೆಲಕ್ಕೆ ತಾಗಲಿಲ್ಲ. ಹೈಸ್ಕೂಲು! ಕೋಟಿಗೆ ಇಸ್ತ್ರಿ ಹಾಕಿಸಿಕೊಂಡು ಹೋದ. ಅಲ್ಲಿ ಬಡಿಸುವವನು ಯಾರೆಂಬುದು ಬಂಗ್ಲೆಯ ಮೆಟ್ಟಿಲು ಹತ್ತುವವರೆಗೂ ಅವನ ತಲೆಗೆ ಹೊಳೆಯಲಿಲ್ಲ. ಹೊಳೆದ ಮೇಲೆ ಅವನಿಗೆ ಸಂತೋಷವಾಗಬೇಕಿತ್ತು. ಆದದ್ದು ಭಯ.

ಕಲಂದರ್ ಕೋಳಿ ಸಾರಿನ ಬಟ್ಟಲು ಹಿಡಿದು ಒಳಗೆ ಬಂದ. ಮೇಜಿನ ಮುಂದೆ ಅಳಿಯನನ್ನು ಕಂಡು ಅವನ ಮುಖ ಅರಳಿತು. ತುಟಿ ತೆರೆಯುವಷ್ಟರಲ್ಲಿ ಪುಟ್ಟಮಾದಯ್ಯ ತಟ್ಟೆಯೊಳಗೆ ಕಲ್ಲು ಆರಿಸುವವನ ಹಾಗೆ ತಲೆ ತಗ್ಗಿಸಿಬಿಟ್ಟ. ಮುದುಕನಿಗೆ ಅರ್ಥವಾಯಿತು. ದೊಡ್ಡವರ ಮುಂದೆ ಸಲುಗೆ ಬೇಡ ಅನ್ನಿಸಿರಬೇಕು ಅಳಿಯನಿಗೆ ಎಂದುಕೊಂಡು ಬಡಿಸಿ ಅಡುಗೆಮನೆಗೆ ಹೋದ. ಇಷ್ಟಕ್ಕೇ ನಿಂತಿದ್ದರೆ ಯಾವ ತಕರಾರೂ ಇರಲಿಲ್ಲ. ಕಲಂದರನ ಮನಸ್ಸು ದೊಡ್ಡದು, ನಕ್ಕು ಬಿಡುತ್ತಿದ್ದ.

ಇನ್‌ಸ್ಪೆಕ್ಟರಿಗೆ ಖಾರ ನೆತ್ತಿಗೇರಿತು. "ಬಾಯ್, ನೀರು" ಅಂದರು. ಕೆಮ್ಮಿನಲ್ಲಿ ದನಿ ಹೊರಡಲಿಲ್ಲ. ಆಗ ನಮ್ಮ ಮೇಷ್ಟ್ರು, ಯಾರೂ ಕೇಳದಿದ್ದರೂ, ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, ಸಿನಿಮಾದ ಸಾಹೇಬರ ಠೀವಿಯಲ್ಲಿ ಅಡುಗೆಮನೆಯ ಕಡೆಗೆ ಕೂಗಿದ: "ಬಾಯ್! ಏಯ್ ಬಾಯ್! ಕಿವಿ ಕೇಳೋದಿಲ್ಲವಾ?"

ಕಲಂದರ್ ನೀರಿನ ಜಗ್ಗು ಹಿಡಿದು ಓಡಿ ಬಂದ. ಕರೆದವರು ಯಾರು ಎಂದು ಬಾಗಿಲಲ್ಲಿ ಒಂದು ಸಲ ನೋಡಿದ. ಆಮೇಲೆ ನೋಡಲಿಲ್ಲ.

ನೀರು ಕುಡಿದು ಸುಧಾರಿಸಿಕೊಂಡ ಇನ್‌ಸ್ಪೆಕ್ಟರಿಗೆ ಮಾತಿನ ಹುಚ್ಚು. "ಈ ಬಾಯ್ ಅನ್ನೋ ಪದದ ಕಥೆ ಗೊತ್ತೇನ್ರೀ ನಿಮಗೆ?" ಎಂದು ಶುರು ಮಾಡಿದರು. "ಮೊದಲು ಅದಕ್ಕೆ ಹುಡುಗ ಅನ್ನೋ ಅರ್ಥವೇ ಇರಲಿಲ್ಲವಂತೆ. ಆರೇಳುನೂರು ವರ್ಷದ ಹಿಂದೆ ಇಂಗ್ಲೆಂಡಿನಲ್ಲಿ ಬಾಯ್ ಅಂದರೆ ಆಳು. ಕೀಳು ಕೆಲಸದವನು, ಪೋಕರಿ, ಎಲ್ಲ ಅದೇ. ಹುಡುಗ ಅನ್ನೋದು ಆಮೇಲೆ ಬಂತು. ಮಕ್ಕಳೂ ಮನೆಯಲ್ಲಿ ಹೇಳಿದ ಕೆಲಸ ಮಾಡ್ತಾವಲ್ಲ! ಇನ್ನು ನಮ್ಮ ದೇಶಕ್ಕೆ ಬಂದ ದೊರೆಗಳು ಆಳನ್ನ ಬಾಯ್ ಅಂದದ್ದಕ್ಕೆ ನಮ್ಮ ಕಡೆಯ ಪಲ್ಲಕ್ಕಿ ಹೊರುವ ಬೋಯಿಗಳೂ ಕಾರಣ ಅನ್ನುವವರಿದ್ದಾರೆ. ಮಾತು ಎಲ್ಲಿ ಹುಟ್ಟುತ್ತೆ, ಎಲ್ಲಿ ಬೆಳೆಯುತ್ತೆ ನೋಡಿ."

"ತುಂಬಾ ಚೆನ್ನಾಗಿದೆ ಸಾರ್" ಎಂದು ಪುಟ್ಟಮಾದಯ್ಯ ನಕ್ಕ. ಕಲಂದರ್ ಅವನ ಪಕ್ಕದಲ್ಲೇ ನಿಂತು ಲೋಟಕ್ಕೆ ನೀರು ಬಗ್ಗಿಸುತ್ತಿದ್ದ.

"ವಯಸ್ಸಾದರೂ ಚುರುಕಾಗಿದ್ದಾನೆ ಮುದುಕ. ನಿಮ್ಮೂರಿನವನೇನು, ಪರಿಚಯವೇ?" ಎಂದು ಇನ್‌ಸ್ಪೆಕ್ಟರು ಸುಮ್ಮನೆ ಕೇಳಿದರು. ಅವರ ಪ್ರಶ್ನೆಯಲ್ಲಿ ಕೊಂಕು ಇರಲಿಲ್ಲ. ಹೌದು ಸಾರ್, ನಮ್ಮ ಮಾವ ಎಂದಿದ್ದರೆ ಆ ಪುಣ್ಯಾತ್ಮರು ಎದ್ದು ಕೈ ಮುಗಿಯುತ್ತಿದ್ದರೋ ಏನೋ.

"ಇಲ್ಲ ಸಾರ್. ಪರಿಚಯ ಇಲ್ಲ" ಅಂದ ಪುಟ್ಟಮಾದಯ್ಯ.

ನೀರು ಲೋಟದ ಅಂಚಿಗೆ ಬಂದು ನಿಂತಿತು. ಒಂದು ಹನಿ ಚೆಲ್ಲದ ಹಾಗೆ ಕಲಂದರ್ ಜಗ್ಗು ಎತ್ತಿಕೊಂಡ.

ಊಟ ಮುಗಿಸಿ ರಸ್ತೆಗೆ ಬಂದ ಮೇಲೆ ಪುಟ್ಟಮಾದಯ್ಯನಿಗೆ ಮೈಯೆಲ್ಲ ಕಂಬಳಿಹುಳ ಹರಿದಂತಾಯಿತು. ಯಾರೋ ಹಿಂದಿನಿಂದ ನೋಡುತ್ತಿದ್ದಾರೆ ಅನ್ನಿಸಿ ತಿರುಗಿದರೆ ಬೇಲಿಯ ಮೇಲೆ ಕಾಗೆ. ತಾನು ಯಾಕೆ ಹಾಗಂದೆ ಎಂದು ಕೇಳಿಕೊಂಡರೆ ಉತ್ತರ ಗೊತ್ತೇ ಇತ್ತು, ಅದಕ್ಕೇ ನಾಚಿಕೆ ಹೆಚ್ಚಾಯಿತು. ಸಂಜೆ ಸ್ಕೂಲು ಬಿಟ್ಟವನೇ ಮಾವನ ಮನೆಗೆ ಹೋದ.

"ಬಾ ಮಗಾ, ಚಾ ಇಡ್ತೀನಿ" ಎಂದು ಕರೀಮುನ್ನೀಸಾ ಎಂದಿನಂತೆಯೇ ಚಾಪೆ ಹಾಸಿದಳು. ಅವಳಿಗೆ ಏನೂ ಗೊತ್ತಿರಲಿಲ್ಲ. ಮಾವ ಹೆಂಡತಿಗೂ ಹೇಳಿಕೊಂಡಿಲ್ಲ ಎಂದು ತಿಳಿದು ಪುಟ್ಟಮಾದಯ್ಯ ಚಾಪೆಯ ಮೇಲೆ ಕೂರಲಾರದೆ ಹಿತ್ತಲಿಗೆ ಹೋದ. ಕಲಂದರ್ ಅಲ್ಲಿ ಕಾಲು ತೊಳೆಯುತ್ತಿದ್ದ. ತಪ್ಪಾಯಿತು ಎಂಬ ಒಂದೇ ಮಾತಿನ ದಾರಿ ಎದುರಿಗೇ ಇತ್ತು. ಮೇಷ್ಟ್ರು ಅದನ್ನು ಬಿಟ್ಟು ಪಾಠ ಶುರು ಮಾಡಿದ.

"ಮಾವ, ಆ ಮಾತಿನಲ್ಲಿ ಅವಮಾನ ಇಲ್ಲ. ಬಾಯ್ ಅಂದರೆ ಹುಡುಗ ಅಂತಲೇ. ಹಳೇ ಇಂಗ್ಲಿಷಿನಲ್ಲಿ ಬೇರೆ ಅರ್ಥ ಇತ್ತು, ಅದು ಹೋಗಿ ಎಷ್ಟೋ ಕಾಲ ಆಯ್ತು. ಈಗ ಎಲ್ಲರೂ..."

"ನೀವ್ ಯಾಕ್ ಅಷ್ಟೊಂದು ಕಷ್ಟ ಪಡ್ತೀರಿ ಮೇಷ್ಟ್ರೇ?" ಅಂದ ಕಲಂದರ್. ನೀವು, ಮೇಷ್ಟ್ರೇ! ಕಪಾಳಕ್ಕೆ ಬಿಟ್ಟಿದ್ದರೆ ತಡೆದುಕೊಳ್ಳಬಹುದಿತ್ತು. "ದೊರೆಗಳು ಅಂಗೇ ಕೂಗವ್ರೆ, ಅಮಲ್ದಾರ್ರು ಕೂಗವ್ರೆ. ಒಂದ್ ದಿನಾನೂ ನಂಗೆ ಬ್ಯಾಜಾರಾಗ್ನಿಲ್ಲ. ಅವ್ರು ಕೂಗುದ್ರೆ ಅದು ಕೆಲ್ಸದ ಎಸ್ರು. ನೀವು ಕೂಗೋಕೆ ನಂಗೆ ಬ್ಯಾರೆ ಎಸ್ರಿತ್ತು. ಅದೂ ಓಗ್ಲಿ ಬುಡಿ. ಪರಿಚಯ ಇಲ್ಲ ಅಂದ್ರಲ್ಲಾ, ಅದ್ನ ಕನ್ನಡದಲ್ಲೇ ಅಂದ್ರಿ."

ಪುಟ್ಟಮಾದಯ್ಯ ಚಾ ಕುಡಿಯದೆ ಹೊರಟು ಬಂದ.

ಆಮೇಲೆ ಮಾಡಿದ್ದು ಇನ್ನೂ ದೊಡ್ಡ ತಪ್ಪು. ಸೋದರಮಾವನಿಗೆ ವೀಳ್ಯ ಕೊಟ್ಟು ಮದುವೆಗೆ ಕರೆಯಬೇಕಾದವನು ಹೆಣ್ಣಿನ ಅಣ್ಣ, ಅದೂ ತಾನೇ ಮನೆಗೆ ಹೋಗಿ, ಎಲೆ ಅಡಿಕೆ ಕೈಯಲ್ಲಿ ಇಟ್ಟು. ಬೇರೆಯವರ ಕೈಲಿ ಕಳಿಸಿದ ವೀಳ್ಯ ವೀಳ್ಯವೇ ಅಲ್ಲ, ಬರಬೇಡ ಅಂದ ಹಾಗೆ. ಇದು ಗೊತ್ತಿದ್ದೂ ಮುಖ ತೋರಿಸಲಾರದೆ ಪುಟ್ಟಮಾದಯ್ಯ ಹಂಗಳದಿಂದಲೇ ಎಲೆ ಅಡಿಕೆಯ ಪೊಟ್ಟಣವನ್ನು ಬಸ್ಸಿನ ಕಂಡಕ್ಟರ್ ರಜಾಕನ ಕೈಗೆ ಕೊಟ್ಟು, ಬಂಗ್ಲೆಗೆ ಮುಟ್ಟಿಸು ಅಂದ. ಅವ್ವ ಕೇಳಿದಾಗ "ಕರ್ದಿವ್ನಿ ಕಣವ್ವ" ಅಂದ.

ಮದುವೆಯ ದಿನ ಹಂಗಳದ ಚಪ್ಪರದಲ್ಲಿ ಓಲಗ ನುಡಿಯುತ್ತಿತ್ತು. ಹೆಣ್ಣು ಒಳಗೆ ತಯಾರಾಗಿ ಕೂತಿದ್ದಳು, ಮಾವನ ಸುಳಿವಿಲ್ಲ. ಮುಹೂರ್ತ ಹತ್ತಿರ ಬಂದ ಹಾಗೆ ಪುಟ್ಟಮಾದಯ್ಯ ಮತ್ತೆ ಮತ್ತೆ ಬೀದಿಯ ಕಡೆ ಇಣುಕಿದ. ಚಿಕ್ಕಪ್ಪನ ಮಗ ಚಿಕ್ಕಬೀರಯ್ಯ ಪಂಚೆ ಎತ್ತಿ ಕಟ್ಟಿ, "ಆ ಸಾಬ್ರು ಬರ್ದಿದ್ರೆ ನಾನೇ ಎತ್ಕತೀನಿ ಬುಡಿ" ಎಂದು ಮುಂದೆ ಬಂದ. ಚಾಮುಂಡಿ ಒಳಗಿನಿಂದಲೇ, "ಮಾವ ಬರ್ಲಿ, ಇಲ್ದಿದ್ರೆ ನಾನ್ ಏಳಲ್ಲ" ಅಂದಳು.

ಅಷ್ಟರಲ್ಲಿ ನೀರು ತರಲು ಹೋಗಿದ್ದ ಹೆಂಗಸರು, ಕಲಂದರ್ ಸಾಬರು ಬಸ್ಸು ನಿಲ್ಲುವ ಮೋರಿ ಕಟ್ಟೆಯ ಮೇಲೆ ಹೊತ್ತಾರೆಯಿಂದ ಕೂತಿದ್ದಾರೆಂದು ಸುದ್ದಿ ತಂದರು. ಬಸವಮ್ಮ ಚಪ್ಪರದಿಂದ ಹಾಗೇ ಓಡಿದಳು. ಕಲಂದರ್ ಹೊಸ ಜುಬ್ಬ ತೊಟ್ಟು, ಸೋದರಮಾವನ ಸೀರೆಯನ್ನು ಗಂಟು ಕಟ್ಟಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ.

"ಇದ್ಯಾಕಣ್ಣ ಇಲ್ಲಿ ಕೂತಿದ್ದೀಯೆ?"

"ವೀಳ್ಯ ಕಂಡಕ್ಟರ್ ಕೈಲಿ ಬಂತು ಕಣವ್ವ. ಅದ್ಕೇ ಕಂಡಕ್ಟರ್ ಇಳ್ಸಿದ ಜಾಗದಲ್ಲೇ ಕೂತ್ಕಂಡೆ. ಮನೆಗೆ ಬರ್ದೇ ಇರೋಕೂ ಆಗ್ನಿಲ್ಲ, ಕರೀದೆ ಬರೋಕೂ ಆಗ್ನಿಲ್ಲ."

ಬಸವಮ್ಮ ಮುಹೂರ್ತ ಮೀರೀತೆಂದು ಕೈ ಹಿಡಿದು ಕರೆದುಕೊಂಡು ಬಂದಳು. ಕಲಂದರ್ ಒಳಗೆ ಹೋಗಿ ಸೀರೆ ಕೊಟ್ಟ, ಬಾಸಿಂಗ ಕಟ್ಟಿದ ಚಾಮುಂಡಿಯನ್ನು ಎರಡು ತೋಳಿನಲ್ಲಿ ಎತ್ತಿಕೊಂಡ. ವಯಸ್ಸಾದ ತೋಳು, ನಡುಗುತ್ತಿತ್ತು. ಆದರೂ ಯಾರನ್ನೂ ಹತ್ತಿರ ಬಿಟ್ಟುಕೊಳ್ಳದೆ ಚಪ್ಪರದ ಉದ್ದಕ್ಕೂ ಎತ್ತಿಕೊಂಡೇ ಬಂದು ಹಸೆಯ ಮೇಲೆ ಕೂರಿಸಿದ. ಅವಳು ಮಾವನ ಕುತ್ತಿಗೆ ಬಿಡದೆ ಅತ್ತಳು. ಬೇಗೂರಿನ ಬೀಗರೂ ಕಣ್ಣು ಒರೆಸಿಕೊಂಡರು.

ಹೆಣ್ಣನ್ನು ಕೂರಿಸಿದ ಮೇಲೆ ಸೋದರಮಾವನ ಕಾಲಿಗೆ ನೀರು ಹಾಕಿ, ಹೊಸ ಪಂಚೆ ಹೊದಿಸಿ ನಮಸ್ಕಾರ ಮಾಡುವುದು ಹೆಣ್ಣಿನ ಅಣ್ಣನ ಪಾಲಿನ ಕೆಲಸ. ಪುಟ್ಟಮಾದಯ್ಯ ಚೊಂಬು ಹಿಡಿದು ಬಗ್ಗಿದ. ಇಷ್ಟು ಜನರ ಮುಂದೆ ಕಾಲು ಹಿಡಿದುಬಿಟ್ಟರೆ ಎಲ್ಲ ತೊಳೆದುಹೋಗುತ್ತದೆ ಎಂದು ಅವನಿಗೆ ಆಸೆ ಇತ್ತು.

ಕಲಂದರ್ ಎರಡು ಹೆಜ್ಜೆ ಹಿಂದಕ್ಕೆ ಸರಿದ. "ಬ್ಯಾಡಿ ಮೇಷ್ಟ್ರೇ. ಮಗೀಗೆ ನಾನು ಮಾವ. ನಿಮ್ಗೆ ಪರಿಚಯ ಇಲ್ದೋನು. ಪರಿಚಯ ಇಲ್ದೋರ ಕಾಲ್ನ ಯಾಕೆ ಮುಟ್ತೀರಿ?" ಅಂದ. ದನಿಯಲ್ಲಿ ಕೋಪವಿರಲಿಲ್ಲ, ಅಕ್ಕಪಕ್ಕದವರಿಗೆ ಕೇಳಿಸಲಿ ಎಂಬ ಹಟವೂ ಇರಲಿಲ್ಲ. ಆದರೆ ಪಂಚೆಯ ತಟ್ಟೆ ಹಿಡಿದು ಪಕ್ಕದಲ್ಲೇ ನಿಂತಿದ್ದ ಬಸವಮ್ಮನಿಗೆ ಕೇಳಿಸಿತು.

"ಏನ್ಲಾ ಅದು? ಏನಂದ್ಯಲಾ ನಮ್ಮಣ್ಣನ್ನ?"

ಪುಟ್ಟಮಾದಯ್ಯ ತಲೆ ಎತ್ತಲಿಲ್ಲ. "ಬಂಗ್ಲೆಯಲ್ಲಿ... ಸಾಹೇಬರ ಮುಂದೆ... ಗುರ್ತಿಲ್ಲ ಅಂದ್ಬುಟ್ಟೆ ಕಣವ್ವ. ಬಾಯ್ ಅಂತ ಕೂಗ್ಬುಟ್ಟೆ."

"ಅಂಗಂದ್ರೇನು?"

ಅಕ್ಷರ ಬಾರದ ಅವ್ವ ಕೇಳಿದ್ದಳು, ಇಂಗ್ಲಿಷ್ ಮೇಷ್ಟ್ರು ಹೇಳಬೇಕಿತ್ತು. ಹುಡುಗ ಅಂತ ಎಂದರೆ ಆ ಹೊತ್ತಿಗೆ ಪಾರಾಗಬಹುದಿತ್ತು, ದಿನವೂ ಕರಿಹಲಗೆಯ ಮೇಲೆ ಬರೆದ ಅರ್ಥವೂ ಅದೇ. ಕಲಂದರ್ ಅವನನ್ನೇ ನೋಡುತ್ತಿದ್ದ.

"ಆಳು ಅಂತ ಕಣವ್ವ" ಅಂದ ಪುಟ್ಟಮಾದಯ್ಯ.

ಬಸವಮ್ಮ ತಟ್ಟೆ ಕೆಳಗಿಟ್ಟು, ಮಗನ ಕೈಯಿಂದ ಚೊಂಬನ್ನು ಕಿತ್ತುಕೊಂಡು, ಅಣ್ಣನ ಕಾಲಿಗೆ ತಾನೇ ನೀರು ಹಾಕಿದಳು.