ಮಾರುವವರ ಪಾಲು

"ಇನ್ನಷ್ಟು ಬಾಯಿ ತಗೀರಿ," ಎಂದರು ಡಾಕ್ಟರ್ ಶೈಲಾ.

ಯಲ್ಲಕ್ಕ ಕಣ್ಣು ಮುಚ್ಚಿಕೊಂಡು ಆದಷ್ಟು ತೆರೆದಳು. ಎಡಗೆನ್ನೆಯ ಒಳಗೆ ಹಾಲಿನ ಕೆನೆಯಂತೆ ಬೆಳ್ಳನೆಯ ಕಲೆ. ಬ್ಯಾಟರಿಯ ಬೆಳಕು ಅಲ್ಲಿಯೇ ಬಹಳ ಹೊತ್ತು ನಿಂತಿತು.

"ತಂಬಾಕ ಯಾವಾಗಿಂದ?"

"ಮದುವಿ ಆದ ವರ್ಷದಿಂದರಿ. ಇಪ್ಪತ್ತಾರು ವರ್ಷಾತು."

"ದಿನಾ ಊಟಕ್ಕ ಏನ್ ತಿಂತೀರಿ?"

ಬಾಯಿಯ ಹುಣ್ಣಿಗೂ ಊಟಕ್ಕೂ ಏನು ಸಂಬಂಧ ಎನ್ನಿಸಿತು ಅವಳಿಗೆ. "ಮುಂಜಾನೆ ಚಾ, ಪ್ಯಾಟ್ಯಾಗ ಚಾ. ಸಂಜಿಕ್ಕ ರೊಟ್ಟಿ, ಖಾರದ ಚಟ್ನಿ. ಈಗ ಖಾರ ಉರೀತೈತಿ ಅಂತ ರೊಟ್ಟೀನೂ ಚಾದಾಗ ಅದ್ದತೇನ್ರಿ."

"ಕಾಯಿಪಲ್ಯಾ? ಹಣ್ಣು?"

"ಕಾಯಿಪಲ್ಯಾ ಮಾರ್ತೇನ್ರಿ."

ಡಾಕ್ಟರು ನಗಲಿಲ್ಲ. ಕುರ್ಚಿಯನ್ನು ಹತ್ತಿರ ಎಳೆದುಕೊಂಡು ಕೂತರು. "ನೋಡ್ರಿ, ಗಲ್ಲದಾಗಿಂದು ಒಂದ್ ಚೂರು ತಗದು ತಪಾಸಣಿಗೆ ಬೆಳಗಾವಿಗೆ ಕಳಸ್ತೇನಿ. ಕ್ಯಾನ್ಸರ್ ಹೌದೋ ಅಲ್ಲೋ ಆಮ್ಯಾಲ ಗೊತ್ತಾಗ್ತೈತಿ. ತಂಬಾಕ ಇವತ್ತ ಬಿಡಬೇಕು, ಅದು ಮೊದಲ. ಮತ್ತ ಹಸರ ತಪ್ಪಲ, ಹಣ್ಣು ಹೊಟ್ಟಿಗೆ ಬೀಳದವರಿಗೆ ಬಾಯಿ, ಗಂಟಲಕ್ಕ ಈ ರೋಗ ಬರೂ ಅಂಜಿಕಿ ಹೆಚ್ಚು. ತಪ್ಪಲ ತಿಂತೇನಿ ಅಂತ ತಂಬಾಕ ಇಟಗೊಂಡ್ರ ಮಾತ್ರ ಏನೂ ನಡಿಯೂದಿಲ್ಲ."

ಗೋಕಾಕದ ಆಸ್ಪತ್ರೆಯಿಂದ ತನ್ನೂರು ಕೌಜಲಗಿಗೆ ಬಸ್ಸಿನಲ್ಲಿ ಬರುವಾಗ ಯಲ್ಲಕ್ಕ ಸೊಂಟದ ತಂಬಾಕಿನ ಎಲೆಚೀಲವನ್ನು ಬಿಚ್ಚಿ ಕಿಟಕಿಯಿಂದ ಎಸೆದಳು. ಆದರೆ ಎರಡನೆಯ ಮಾತು ಅಷ್ಟು ಸುಲಭದ್ದಾಗಿರಲಿಲ್ಲ. ಮನೆಯ ಹಿಂದಿನ ತೋಟದಲ್ಲಿ ಮೆಂತ್ಯ, ರಾಜಗಿರಿ, ಮೂಲಂಗಿ ಸೊಂಪಾಗಿ ಬೆಳೆಯುತ್ತಿದ್ದವು. ದಿನವೂ ಬುಟ್ಟಿ ತುಂಬಿ ಪೇಟೆಗೆ ಹೋಗುತ್ತಿದ್ದವು. ಮಾರುವ ಮಾಲಿಗೆ ಬಾಯಿ ಹಾಕಿದರೆ ವ್ಯಾಪಾರದ ಬರಕತ್ತು ಹೋಗುತ್ತದೆ ಎಂಬುದು ಅತ್ತೆ ಫಕೀರವ್ವನ ಕಟ್ಟಪ್ಪಣೆ. ಹೊಸ ಸೊಸೆಯಾಗಿದ್ದಾಗ ಮಾರುವ ಬುಟ್ಟಿಯಿಂದ ಒಂದು ಗಜ್ಜರಿ ಕಡಿದದ್ದಕ್ಕೆ ಮುದುಕಿ ಎಂಟು ದಿನ ಮಾತು ಬಿಟ್ಟಿದ್ದಳು. ಆಮೇಲೆ ಯಲ್ಲಕ್ಕ ತೋಟದಲ್ಲಿ ಕೂತು ತಪ್ಪಲು ಕಟ್ಟಿದ್ದೇ ಹೊರತು ಬಾಯಿಗೆ ಹಾಕಿರಲಿಲ್ಲ.

ಡಾಕ್ಟರು ಹೇಳಿದ್ದನ್ನು ಅವಳು ಅತ್ತೆಯ ಮುಂದೆ ಅರ್ಧವೇ ಹೇಳಿದಳು. ಪರೀಕ್ಷೆಯ, ತಂಬಾಕಿನ ಮಾತು ಹೇಳಿದಳು, ತಪ್ಪಲಿನ ಮಾತು ನುಂಗಿದಳು. ಪೇಟೆಯಲ್ಲಿ ತನ್ನ ಬಾಜೂಕ್ಕೆ ಕೂತು ಹಣ್ಣು ಮಾರುವ ಜೀನತಳ ಮುಂದೆ ಮಾತ್ರ ಎಲ್ಲ ಬಾಯಿಬಿಟ್ಟಳು. ಜೀನತ ಪಪ್ಪಾಯಿಯ ಹೋಳು ಹೆಚ್ಚಿ ಕೈಗಿಟ್ಟಳು.

"ತಿನ್ನ ಯಕ್ಕಾ. ನಿಂದು ಮಾರಿದ್ದು ನೀ ತಿನಬಾರದು. ನಂದು ಮಾರಿದ್ದು ತಿನಬಾರದಂತ ಯಾರ ಹೇಳ್ಯಾರ?"

ಯಲ್ಲಕ್ಕ ನಕ್ಕಳು, ಕಣ್ಣು ಒರೆಸಿಕೊಂಡಳು. ಮರುದಿನದಿಂದ ಒಂದು ಸಿವುಡು ಮೆಂತ್ಯ ಜೀನತಳಿಗೆ, ಒಂದು ಹಣ್ಣು ಇವಳಿಗೆ.

ಹನ್ನೆರಡನೆಯ ದಿನ ಬೆಳಗಾವಿಯ ಕಾಗದ ಬಂತು. ಡಾಕ್ಟರು ಎರಡು ಸಲ ಓದಿದರು. "ಕ್ಯಾನ್ಸರ್ ಆಗಿಲ್ರಿ. ಆಗೂಕಿಂತ ಮೊದಲ ಬಂದೀರಿ. ಹಿಂಗ ನಡಸ್ರಿ, ಮೂರ ತಿಂಗಳಿಗೊಮ್ಮಿ ತೋರಸ್ರಿ."

ಮನೆಗೆ ಬಂದಾಗ ಫಕೀರವ್ವ ಕಟ್ಟೆಯ ಮೇಲೆ ಕೂತಿದ್ದಳು.

"ಏನಂದ್ರು?"

"ಇಲ್ಲಂತ್ರಿ ಅತ್ತಿ."

ಮುದುಕಿ ಎರಡೂ ಕೈಯಿಂದ ಸೊಸೆಯ ಮುಖ ಸವರಿ ನೆಟಿಗೆ ಮುರಿದಳು. ಆ ಹುರುಪಿನಲ್ಲೇ ಯಲ್ಲಕ್ಕ ಉಳಿದರ್ಧವನ್ನೂ ಹೇಳಿಬಿಟ್ಟಳು. ಫಕೀರವ್ವ ತೋಟದ ಕಡೆ ತಿರುಗಿದಳು.

"ನಮ್ಮತ್ತಿ ನನಗ ಹೇಳಿದ್ಲು. ನಾ ನಿನಗ ಹೇಳಿದೆ," ಎಂದಳು. "ಯಾಕಂತ ನಾನೂ ಕೇಳಲಿಲ್ಲ, ನೀನೂ ಕೇಳಲಿಲ್ಲ."

ಮರುದಿನ ಬೆಳಕು ಹರಿಯುವ ಹೊತ್ತಿಗೆ ಯಲ್ಲಕ್ಕ ಬುಟ್ಟಿ ತುಂಬಲು ಬಂದರೆ, ಒಡ್ಡಿನ ಮೇಲೆ ಎಳೆ ಮೂಲಂಗಿ, ಮೆಂತ್ಯವನ್ನು ಯಾರೋ ಬೇರೆಯಾಗಿ ತೆಗೆದಿಟ್ಟಿದ್ದರು, ಬೇರಿನ ಮಣ್ಣು ತೊಳೆದು. ಅಡುಗೆಮನೆಯಿಂದ ಕುಟ್ಟುವ ಸಪ್ಪಳ ಬರುತ್ತಿತ್ತು. ಇಣುಕಿದಳು. ಹಲ್ಲಿಲ್ಲದ ಫಕೀರವ್ವ ಒರಳಿನ ಮುಂದೆ ಕಾಲು ಚಾಚಿ ಕೂತು ಹಸಿ ತಪ್ಪಲು ಜಜ್ಜುತ್ತಿದ್ದಳು. ಗದ್ದಕ್ಕೆಲ್ಲ ಹಸಿರು ಮೆತ್ತಿತ್ತು.