ಯಾರೂ ಆರಿಸದ ಸಂತಾಪ

ನನ್ನ ತಂಗಿ ರುದೈನಾ ಕುತೈಬಾನನ್ನು ಒಪ್ಪಿಕೊಂಡಿದ್ದಾಳೆ ಎಂದು ತಿಳಿದ ದಿನ ನನಗೆ ಅನ್ನ ಸೇರಲಿಲ್ಲ. ಲೋಕದಲ್ಲಿ ಗಂಡಸರಿಗೆ ಬರವೇ? ಇರ್ಬಿದ್ ಊರಿನಲ್ಲಿ ಕಲ್ಲು ಎಸೆದರೆ ಒಬ್ಬ ಇಂಜಿನಿಯರಿನ ತಲೆಗೆ ತಾಗುತ್ತದೆ. ಅಷ್ಟು ಜನರಲ್ಲಿ ಇವಳ ಕಣ್ಣಿಗೆ ಬಿದ್ದದ್ದು ನಮ್ಮ ಆಫೀಸಿನ ಆ ಬೆಪ್ಪು.

ಆಫೀಸೆಂದರೆ ಯೂನಿವರ್ಸಿಟಿ ರಸ್ತೆಯ ಶವರ್ಮಾ ಅಂಗಡಿಯ ಮೇಲಿನ ಎರಡು ಕೋಣೆ. ಅಲ್ಲಿ ನಾವೈದು ಜನ ಕೂತು ಊರಿನ ವ್ಯಾಪಾರಿಗಳಿಗೆ ವೆಬ್‌ಸೈಟು ಕಟ್ಟಿಕೊಡುತ್ತೇವೆ. ಕುತೈಬಾ ನಮ್ಮ ಮುಖ್ಯಸ್ಥ. ಕಾರಣ ಇಷ್ಟೇ, ಅವನು ದುಬೈಗೆ ಹೋಗಿ ಬಂದವನು. ಅಲ್ಲಿ ಏನು ಕಡಿದು ಕಟ್ಟೆ ಹಾಕಿದನೋ ಯಾರಿಗೂ ಗೊತ್ತಿಲ್ಲ, ಆದರೆ ಬಾಯಿ ತೆಗೆದರೆ "ದುಬೈನಲ್ಲಿ ನಾವು" ಎಂದೇ ಶುರು. ಚಹಾಕ್ಕೆ ಪುದೀನಾ ಹಾಕುವುದಕ್ಕೂ ಅವನಿಗೆ ದುಬೈ ನೆನಪಾಗಬೇಕು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಇವನಿಗೆ ಐಶ್ವರ್ಯವೂ ಬಂದಿರಲಿಲ್ಲ, ಬರೀ ಕೊಡೆ.

ರುದೈನಾ ಶಿಶುವಿಹಾರದ ಟೀಚರು. ನನಗೆ ಊಟದ ಡಬ್ಬಿ ಕೊಡಲು ಬಂದವಳು ಅವನ ಮಾತಿಗೆ ಮರುಳಾದಳು. ಯಾರ ಬಲವಂತವೂ ಇರಲಿಲ್ಲ. ಅವಳಿಗೆ ಅವನೇ ಬೇಕಿತ್ತು, ಮನಸಾರೆ ಬೇಕಿತ್ತು.

"ಅಕ್ಕಾ, ನಿಂಗೆ ಯಾರು ತಾನೇ ಹಿಡಿಸ್ತಾರೆ? ಅವರು ಹೃದಯದಲ್ಲಿ ಒಳ್ಳೇವರು ಕಣೇ."

"ಹೃದಯ ಎಕ್ಸ್‌ರೇ ತೆಗೆಸಿ ನೋಡಿದ್ಯಾ?"

"ನಿನ್ನ ನಾಲಿಗೆಗೆ ಉಪ್ಪು ಹಾಕಿ ಉಜ್ಜಬೇಕು," ಎಂದು ನಕ್ಕು, ಅವನಿಗೆ ಇಷ್ಟವೆಂದು ದ್ರಾಕ್ಷಿ ಎಲೆಯಲ್ಲಿ ಅನ್ನ ಸುತ್ತಲು ಕೂತಳು. ಇನ್ನೇನು ಹೇಳಲಿ?

ಅದೇ ತಿಂಗಳು ನಮ್ಮಲ್ಲಿಗೆ ಅಬೂ ಅವಾದ್ ಬಂದ. ಊರಿಗೆಲ್ಲ ಶಾಮಿಯಾನ, ಕುರ್ಚಿ, ಕಾಫಿ ಕಾಯಿಸುವವರನ್ನು ಕಳಿಸುವವನು ಅವನೇ. ಇನ್ನು ಮುಂದೆ ಗಿರಾಕಿಗಳು ಫೋನಿನಲ್ಲಿ ಅರ್ಜಿ ತುಂಬಿ ಕರೆಸಿಕೊಳ್ಳಲಿ ಎಂಬುದು ಅವನ ಆಸೆ. ಹೆಸರು, ಬೀದಿ, ದಿನ, ಎಷ್ಟು ಜನ, ಕೊನೆಗೆ ಒಂದು ಪಟ್ಟಿ: ಒತ್ತಿದರೆ ಕೆಳಗೆ ಬಿಚ್ಚಿಕೊಳ್ಳುತ್ತದಲ್ಲ, ಆ ಥರದ್ದು. ಅದರಲ್ಲಿ ಸಂದರ್ಭ ಆರಿಸಬೇಕು. ಸಂತಾಪ, ನಿಶ್ಚಿತಾರ್ಥ, ಮದುವೆ, ಹಜ್‌ನಿಂದ ಬಂದವರ ಸ್ವಾಗತ.

"ಸಂತಾಪ ಎಲ್ಲಕ್ಕಿಂತ ಮೇಲಿರಲಿ ಮಗಳೇ," ಎಂದ ಅಬೂ ಅವಾದ್. "ಮದುವೆಯೋನು ತಿಂಗಳು ಮುಂಚೆ ಬಂದು ಚೌಕಾಸಿ ಮಾಡ್ತಾನೆ. ಸತ್ತ ಮನೆಯೋನಿಗೆ ಹುಡುಕೋ ಪುರುಸೊತ್ತೆಲ್ಲಿದೆ? ಇನ್ನೊಂದು ಮಾತು. ಮದುವೆಗಾದ್ರೆ ನಮ್ಮ ಹುಡುಗರು ಫೋನ್ ಮಾಡಿ ಎಲ್ಲಾ ಕೇಳ್ಕೋತಾರೆ. ಸಾವಿನ ಮನೆಗೆ ನಾವು ಫೋನ್ ಮಾಡಲ್ಲ. ಅಳ್ತಾ ಇರೋರ ಹತ್ರ ಕುರ್ಚಿ ಎಷ್ಟು ಅಂತ ಕೇಳೋದು ಮನುಷ್ಯತ್ವ ಅಲ್ಲ. ಸುಮ್ನೆ ಹೋಗಿ ಕಟ್ಟಿ ಬರ್ತೀವಿ."

ಒಳ್ಳೆಯ ಮನುಷ್ಯ. ನಾನು ಅವನು ಹೇಳಿದಂತೆಯೇ ಮಾಡಿದೆ, ಒಂದು ಕಾವಲು ಇಟ್ಟು. ಈ ಪಟ್ಟಿಗಳದ್ದು ಒಂದು ಕೆಟ್ಟ ಗುಣವಿದೆ. ನೀವು ಮುಟ್ಟದಿದ್ದರೂ ಮೊದಲನೇ ಸಾಲು ತಾನೇ ಆಯ್ಕೆಯಾಗಿ ಕೂತಿರುತ್ತದೆ. ಅದಕ್ಕೇ ಎಲ್ಲಕ್ಕಿಂತ ಮೇಲೆ "ಸಂದರ್ಭ ಆರಿಸಿ" ಎಂಬ ಲೆಕ್ಕಕ್ಕೆ ಬಾರದ ಖಾಲಿ ಸಾಲನ್ನು ಇಟ್ಟು, ಜೆಕ್ವೆರಿ ಎಂಬ ಹಳೇ ಕೋಡಿನಲ್ಲಿ ಎರಡು ಸಾಲು ಬರೆದೆ: ಅರ್ಜಿ ಕಳಿಸುವ ಮುಂಚೆ ಆಯ್ಕೆಯಾದ ಸಾಲು ಯಾವುದೆಂದು ನೋಡು, ಅದು ಖಾಲಿಯಿದ್ದರೆ ಬಿಡಬೇಡ, ಕೆಂಪಗೆ ತೋರಿಸು.

ಕುತೈಬಾ ಬಂದು ಮೂಗು ಮುರಿದ.

"ಮೈಸೂನ್, ಜೆಕ್ವೆರಿನಾ? ನಮ್ಮಜ್ಜಿ ಕಾಲದ್ದು. ದುಬೈನಲ್ಲಿ ನಾವು ಇದನ್ನ ಮ್ಯೂಸಿಯಮ್ಮಿಗೆ ಕಳಿಸಿದ್ವಿ. ಮತ್ತೆ ಈ ಖಾಲಿ ಸಾಲು ಯಾಕೆ? ಹಲ್ಲು ಬಿದ್ದ ಬಾಯಿ ಥರ ಕಾಣ್ಸುತ್ತೆ. ತೆಗಿ."

"ತೆಗೆದ್ರೆ ಕಾವಲು ಕೆಲಸ ಮಾಡಲ್ಲ. ಖಾಲಿ ಅನ್ನೋದೇ ಇರಲ್ಲ. ಮುಟ್ಟದೆ ಬಿಟ್ಟೋರೆಲ್ಲ ಸಂತಾಪದ ಲೆಕ್ಕಕ್ಕೆ ಹೋಗ್ತಾರೆ."

"ಆಯ್ಕೆ ಆಗಿದ್ಯಾ ಇಲ್ವಾ ಅಂತ ತಾನೇ ನೀನು ನೋಡೋದು? ಆಗಿರುತ್ತಲ್ಲ. ಮತ್ತೇನು?"

"ಆಗಿರೋದು ಬೇರೆ, ಯಾರಾದ್ರೂ ಮಾಡಿರೋದು ಬೇರೆ ಕಣೋ! ಎತ್ತು ಈಯಿತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅನ್ನೋ ಹಾಗಾಗುತ್ತೆ."

ಉಳಿದ ಮೂವರೂ ಕೇಳುತ್ತ ಕೂತಿದ್ದರು. ಅವನು ನಕ್ಕ. ನನ್ನ ಹೆಗಲ ಮೇಲಿಂದ ಬಗ್ಗಿ, ತಾನೇ ಕೀಲಿ ಒತ್ತಿ ಆ ಸಾಲನ್ನು ಅಳಿಸಿದ. ಕಾವಲು ಮಾತ್ರ ಉಳಿಯಿತು, ಗೋಡೆಯಿಲ್ಲದ ಮನೆಗೆ ಬೀಗ ಹಾಕಿದ ಹಾಗೆ. ಥೂ ಎಂದು ನಾನು ಶವರ್ಮಾ ತಿನ್ನಲು ಕೆಳಗಿಳಿದೆ.

ಸೈಟು ತೆರೆದು ವಾರವೂ ಆಗಿರಲಿಲ್ಲ, ಗುರುವಾರಕ್ಕೆ ನಮ್ಮ ಮನೆಯಲ್ಲಿ ಜಾಹಾ ಎಂದು ಗೊತ್ತಾಯಿತು. ಗಂಡಿನ ಕಡೆಯ ಹಿರಿಯರೆಲ್ಲ ಸೇರಿ ಬಂದು ಹೆಣ್ಣು ಕೇಳುವ ದಿನ. ಅವರ ಮುಂದೆ ಕಾಫಿ ಇಡುತ್ತೇವೆ. ಅವರ ಮುಖಂಡ ಅದನ್ನು ಮುಟ್ಟುವುದಿಲ್ಲ. ಹೆಣ್ಣಿನ ಅಪ್ಪ "ಕಾಫಿ ಕುಡೀರಿ" ಎಂದರೆ ಹೆಣ್ಣು ಕೊಟ್ಟ ಹಾಗೆ. ಒಳಗೊಳಗೆ ಎಲ್ಲ ಮೊದಲೇ ಇತ್ಯರ್ಥವಾಗಿರುತ್ತದೆ, ಬಂದ ಕಾಫಿಯನ್ನು ಕುಡಿಯದೆ ಹೋದವರನ್ನು ನಾನಂತೂ ಕಂಡಿರಲಿಲ್ಲ.

ಕುತೈಬಾ ಸುಮ್ಮನಿರುವವನೇ? "ಶಾಮಿಯಾನಾನ ನನ್ನ ಸೈಟಿಂದಲೇ ತರಿಸು, ಹಿಂದಿನ ದಿನ ತುಂಬಿದ್ರೆ ಸಾಕು, ನೋಡು ಹೇಗೆ ಓಡ್ಬರುತ್ತೆ," ಎಂದು ಅವಳಿಗೆ ಹೇಳಿದ್ದ. ಪಾಪ, ಅವಳು ನನಗೂ ಹೇಳದೆ ಬುಧವಾರ ಸಂಜೆ ತುಂಬಿದಳು. ಪಟ್ಟಿಯನ್ನು ಮುಟ್ಟಲಿಲ್ಲ. ಫೋನಿನ ಪುಟ್ಟ ಪರದೆಯಲ್ಲಿ ಅದು ಆಗಲೇ ತುಂಬಿದ ಹಾಗೆ ಕಂಡಿತಂತೆ. ಕಾವಲು ಹಲ್ಲು ಕಿರಿದು ಬಿಟ್ಟುಕೊಟ್ಟಿತು.

ಗುರುವಾರ ಬೆಳಿಗ್ಗೆ ನಾನೂ ರುದೈನಾಳೂ ಕೂದಲು ಮಾಡಿಸಿಕೊಳ್ಳಲು ಪಾರ್ಲರಿಗೆ ಹೋಗಿದ್ದೆವು. ಅಪ್ಪ ಒಳಕೋಣೆಯಲ್ಲಿ ಮಲಗಿದ್ದರು. ಅಬೂ ಅವಾದ್‌ನ ಹುಡುಗರು ಸದ್ದು ಮಾಡದೆ ಬಂದು, ಯಾರನ್ನೂ ಏನೂ ಕೇಳದೆ, ಅಂಗಳದಲ್ಲಿ ಶಾಮಿಯಾನ ಕಟ್ಟಿ, ಬಾಗಿಲಿಗೆ "ನಾವು ಅಲ್ಲಾಹನವರು, ಅವನಲ್ಲಿಗೇ ಮರಳುವವರು" ಎಂಬ ಕಪ್ಪು ಬಟ್ಟೆ ಇಳಿಬಿಟ್ಟು, ಖರ್ಜೂರದ ತಟ್ಟೆ ಜೋಡಿಸಿ, ಧ್ವನಿವರ್ಧಕದಲ್ಲಿ ಕುರಾನ್ ಪಠಣ ಹಾಕಿದ್ದರು.

ನಾವು ತಿರುಗಿ ಬರುವಾಗ ಪಕ್ಕದ ಮನೆಯ ಉಮ್ ರಾಫಿ ಎದೆ ಬಡಿದುಕೊಳ್ಳುತ್ತ ನಮ್ಮ ಬಾಗಿಲಿಗೆ ಓಡುತ್ತಿದ್ದಳು.

"ಅಯ್ಯೋ ಮಕ್ಕಳಾ! ನಿನ್ನೆ ಸಂಜೆ ತಾನೇ ನಿಮ್ಮಪ್ಪ ನನ್ನ ಹತ್ರ ಅರ್ಧ ಕಿಲೋ ನಿಂಬೆಹಣ್ಣು ಇಸ್ಕೊಂಡಿದ್ರಲ್ರೇ!"

ಬಾಗಿಲು ತೆರೆದದ್ದು ಅಪ್ಪನೇ. ಉಮ್ ರಾಫಿ ಒಂದು ಚೀರು ಚೀರಿ ಕೂತುಬಿಟ್ಟಳು.

ನಾನು ನಗಬೇಕಿತ್ತು. ಆದರೆ ಅಪ್ಪ ಆ ಕಪ್ಪು ಬಟ್ಟೆಯನ್ನು ನೋಡಿ ಬಾಗಿಲಿನ ಚೌಕಟ್ಟು ಹಿಡಿದುಕೊಂಡರು. ಅಮ್ಮ ಹೋದಾಗಲೂ ಇದೇ ಅಂಗಳದಲ್ಲಿ ಇದೇ ಶಾಮಿಯಾನ ಕಟ್ಟಿದ್ದು.

ರುದೈನಾ ಬಿಳಿಚಿಕೊಂಡಳು. "ನಾನೇ ಏನೋ ತಪ್ಪು ಒತ್ತಿರ್ಬೇಕು ಅಪ್ಪಾ. ನನ್ನ ಕೈಯೇ ಸರಿಯಿಲ್ಲ."

"ನೀನೇನೂ ಒತ್ತಿಲ್ಲ," ಎಂದೆ ನಾನು. "ಒತ್ತದೆ ಇದ್ದಿದ್ದಕ್ಕೇ ಹೀಗಾಗಿದ್ದು. ನಿನ್ನ ಆ ದುಬೈ ದೊರೆ ಒಂದು ಸಾಲು ಕಿತ್ತುಹಾಕಿದ. ಬೇಡ ಅಂತ ಬಡ್ಕೊಂಡೆ."

"ಅವರಿಗೆ ಗೊತ್ತಾಗಿರಲ್ಲ ಅಕ್ಕಾ. ಗೊತ್ತಾದ್ರೆ ತಾವೇ ಹೇಳ್ತಾರೆ, ನೋಡ್ತಿರು."

ಹುಡುಗರು ಕೈಮುಗಿದು ಕ್ಷಮೆ ಕೇಳುತ್ತ ಪಠಣ ನಿಲ್ಲಿಸಿದರು. ಬಟ್ಟೆ ಬಿಚ್ಚಲು ಏಣಿ ಹಾಕುವಷ್ಟರಲ್ಲಿ ಜಾಹಾದವರ ಕಾರುಗಳು ಹಾರ್ನ್ ಹೊಡೆಯುತ್ತ ಬೀದಿಗೆ ತಿರುಗಿದವು. ಬಟ್ಟೆ ಕಂಡದ್ದೇ ಹಾರ್ನ್ ಒಮ್ಮೆಗೇ ನಿಂತಿತು. ಊರಿನ ದೊಡ್ಡವರೆಲ್ಲ ಮುಖ ಜೋಲು ಹಾಕಿಕೊಂಡು ಇಳಿದರು, ಸಾಲಾಗಿ ಬಂದು ಅಪ್ಪನ ಕೈ ಹಿಡಿದು "ಅಲ್ಲಾಹ್ ನಿಮಗೆ ಸಹನೆ ಕೊಡಲಿ" ಎನ್ನತೊಡಗಿದರು. ಅಪ್ಪ ಒಬ್ಬೊಬ್ಬರಿಗೂ "ಯಾರೂ ಸತ್ತಿಲ್ಲ, ಒಳಗೆ ಬನ್ನಿ, ಯಾರೂ ಸತ್ತಿಲ್ಲ" ಎಂದು ಹೇಳುತ್ತ ನಿಂತರು. ಮಗಳ ನಿಶ್ಚಯದ ದಿನ ಒಬ್ಬ ತಂದೆ ಆಡಬೇಕಾದ ಮಾತೇ ಇದು?

ನಾನು ಕುತೈಬಾನನ್ನು ಗೇಟಿನ ಹತ್ತಿರ ಹಿಡಿದೆ. ಹೊಸ ಸೂಟು, ಕೂದಲಿಗೆ ಇಷ್ಟೆತ್ತರ ಜೆಲ್.

"ನಾನು ಹೇಳಿದ್ದು ನೆನಪಿದ್ಯಾ? ಆ ಸಾಲು?"

ಅವನ ಕಣ್ಣು ಅತ್ತಿತ್ತ ಆಡಿತು. ನೆನಪಿತ್ತು. ಚೆನ್ನಾಗಿಯೇ ನೆನಪಿತ್ತು.

"ಈಗ ಆ ವಿಷಯ ಯಾಕೆ, ಮೈಸೂನ್?"

"ಒಳಗೆ ಅವಳು ತಾನೇ ತಪ್ಪು ಮಾಡಿದೆ ಅಂತ ಸಾಯ್ತಿದ್ದಾಳೆ. ಎಲ್ಲರ ಮುಂದೆ ಒಂದೇ ಒಂದು ಮಾತು ಹೇಳು, ನನ್ನಿಂದ ಆಯ್ತು ಅಂತ. ನಕ್ಕು ಬಿಡ್ತಾರೆ. ನಾನೂ ಇನ್ನು ನಿನ್ನ ತಂಟೆಗೆ ಬರಲ್ಲ."

"ನೋಡೋಣ, ನೋಡೋಣ," ಎಂದು ಟೈ ಸರಿ ಮಾಡಿಕೊಂಡು ಹೋದ.

ಅಡುಗೆಮನೆಯ ಕಿಟಕಿ ಅಂಗಳಕ್ಕೆ ತೆರೆಯುತ್ತದೆ. ಪರದೆಯ ಹಿಂದೆ ರುದೈನಾ ನಿಂತಿದ್ದಳು. ನಾನು ಅವಳ ಪಕ್ಕ ನಿಂತು, ಗೇಟಿನ ಹತ್ತಿರ ಅವನೊಡನೆ ಆಡಿದ್ದನ್ನು ಹೇಳಿದೆ. ಗಂಡಿನ ಕಡೆಯ ಮುಖಂಡ ಹಾಜಿ ಮಿಫ್ಲೆಹ್, ತೂಕದ ಮನುಷ್ಯ, ತಮ್ಮ ಮುಂದಿಟ್ಟ ಕಾಫಿಯನ್ನು ಮುಟ್ಟದೆ ಗಡ್ಡ ನೀವಿಕೊಂಡರು. ಅಪ್ಪ ಆಗಿದ್ದನ್ನು ಹೇಳಿದಾಗ ಅವರಿಗೆ ಕೋಪ ಬರಲಿಲ್ಲ, ನಗು ಬಂತು.

"ಹೋಗ್ಲಿ ಬಿಡಿ, ಅಳು ಮೊದಲೇ ಮುಗೀತು, ಇನ್ನು ಬರೀ ಖುಷಿ. ಆದ್ರೂ ಕುತೈಬಾ, ಸೈಟು ನಿಂದಂತಲ್ಲಪ್ಪ? ಏನಾಯ್ತು?"

ರುದೈನಾ ನನ್ನ ಮೊಣಕೈ ಹಿಡಿದಳು. "ಈಗ ಹೇಳ್ತಾರೆ," ಎಂದು ಪಿಸುಗುಟ್ಟಿದಳು.

ಕುತೈಬಾ ಕಾಲ ಮೇಲೆ ಕಾಲು ಹಾಕಿದ.

"ಸೈಟಲ್ಲಿ ತಪ್ಪಿಲ್ಲ ಹಾಜಿ. ಅದು ಅರ್ಜಿ ನೋಡಿಯೇ ಒಳಗೆ ಬಿಡೋದು. ಆರಿಸಿದ್ದನ್ನ ಕಳಿಸುತ್ತೆ. ಆರಿಸಿದೋರು…" ಎಂದು ಕಿಟಕಿಯ ಕಡೆ ಗದ್ದ ಎತ್ತಿದ. "ಹೆಣ್ಮಕ್ಕಳು ನೋಡಿ. ಮದುವೆ ಅಂದ ತಕ್ಷಣ ಕಣ್ಣೇ ಕಾಣ್ಸಲ್ಲ. ದುಬೈನಲ್ಲಿ ನಾವು ಇಂಥಾ ಗಿರಾಕಿಗಳನ್ನ ದಿನಾ ನೋಡ್ತಿದ್ವಿ."

ಅಂಗಳವೆಲ್ಲ ಗೊಳ್ಳೆಂದಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ಅವನೇ.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇವನು ತಾನೇ ನೆಲ ಅಗೆದು, ಬಿದ್ದವಳ ಕಾಲು ಡೊಂಕು ಎಂದ. ನನ್ನ ಮೈಯೆಲ್ಲ ಉರಿದುಹೋಯಿತು. ಹೊರಗೆ ಹೋಗಿ ಆ ಜೆಲ್ಲಿನ ತಲೆಯ ಮೇಲೆ ಕುನಾಫಾ ಸಿಹಿಯ ತಟ್ಟೆ ಕವುಚಬೇಕು ಎಂದು ಹೆಜ್ಜೆ ಎತ್ತಿದ್ದೆ. ರುದೈನಾ ತಡೆದಳು. ಅವಳ ಮುಖದಲ್ಲಿ ಅಳುವಿರಲಿಲ್ಲ.

"ಅಪ್ಪನ್ನ ಕರಿ."

ಅಪ್ಪ ಬಂದರು, ಹಣೆ ಒರೆಸಿಕೊಳ್ಳುತ್ತ. "ಏನಮ್ಮಾ? ಹಾಜಿ ಕಾಯ್ತಿದ್ದಾರೆ. ಮಾತು ಕೊಟ್ಟು ಬರ್ತೀನಿ."

"ಕೊಡಬೇಡಿ ಅಪ್ಪಾ."

"ಹುಚ್ಚಾ ನಿನಗೆ? ಊರಿಗೆ ಊರೇ ಅಂಗಳದಲ್ಲಿ ಕೂತಿದೆ. ಒಂದು ತಮಾಷೆ ಮಾತಿಗೆ…"

"ಅವರಿಗೆ ಗೊತ್ತಿತ್ತು. ಅಕ್ಕ ಮೊದಲೇ ಹೇಳಿದ್ಲು, ಇವತ್ತು ಗೇಟಲ್ಲೂ ಹೇಳಿದ್ಲು. ಗೊತ್ತಿದ್ದೂ ನನ್ನ ಕಡೆ ತೋರಿಸಿ ನಕ್ಕರು." ಅವಳು ಅಪ್ಪನ ಎದುರಿಗೇ ಬಂದು ನಿಂತಳು. "ನಾಳೆ ಅವರ ಕೈಯಿಂದ ಮಗು ಜಾರಿ ಬಿದ್ರೂ ನಾನೇ ಬೀಳಿಸಿದೆ ಅಂತಾರೆ ಅಪ್ಪಾ. ಆಗಲೂ ಹೀಗೇ ನಗ್ತಾರೆ. ಆಗ ಯಾರನ್ನ ಕರೀಲಿ?"

ಅಪ್ಪ ನನ್ನ ಮುಖ ನೋಡಿದರು. ಎಷ್ಟೋ ದಿನದಿಂದ ನಾನು ಆಡುತ್ತ ಬಂದ ಮಾತುಗಳೆಲ್ಲ ಆಗ ಬೇಕೆನಿಸಲಿಲ್ಲ. ಅಪ್ಪ ಜಗ್‌ನಿಂದ ನೀರು ಬಗ್ಗಿಸಿಕೊಂಡು ಕುಡಿದು, ಕೋಟಿನ ಗುಂಡಿ ಹಾಕಿಕೊಂಡು ಹೊರಗೆ ಹೋದರು.

"ಹಾಜಿ," ಎಂದರು. "ನೀವು ನನ್ನ ಮನೆಗೆ ಬಂದಿದ್ದು ನನ್ನ ತಲೆ ಮೇಲಿನ ಕಿರೀಟ. ಕುನಾಫಾ ಬಿಸಿಯಿದೆ, ತಿನ್ನದೆ ಯಾರೂ ಏಳಬಾರದು. ಕಾಫಿ ಮಾತ್ರ ಅಲ್ಲೇ ಇರ್ಲಿ."

ಹಾಜಿ ಮಿಫ್ಲೆಹ್ ಅಪ್ಪನ ಮುಖವನ್ನೇ ನೋಡಿದರು, ಕಿಟಕಿಯ ಪರದೆಯನ್ನು ನೋಡಿದರು, ಆಮೇಲೆ ಕುತೈಬಾನ ಕಡೆ ತಿರುಗಿದರು. ಎರಡು ಬೆರಳಿನಿಂದ ಬಟ್ಟಲನ್ನು ಪಕ್ಕಕ್ಕೆ ಸರಿಸಿ ಎದ್ದು, ಅಪ್ಪನ ಹೆಗಲಿಗೆ ಮುತ್ತಿಟ್ಟು ಕಾರಿನ ಕಡೆ ನಡೆದರು. ಉಳಿದವರೂ ಎದ್ದರು. ಕುತೈಬಾ ಮಾತ್ರ ಕೂತೇ ಇದ್ದ. "ಏನಾಯ್ತು? ನಾನೇನು ಅಂದೆ? ತಮಾಷೆಗೆ ಅಂದೆ!" ಎಂದು ಪಕ್ಕದವನನ್ನು ಕೇಳುತ್ತಿದ್ದ. ಪಕ್ಕದವನು ಅವನ ತೋಳು ಹಿಡಿದು ಎಬ್ಬಿಸಿಕೊಂಡು ಹೋದ.

ನನಗೆ ಅವನನ್ನು ಕಂಡರೆ ಎಂಥ ಅಸಹ್ಯವೆಂದು ಹೇಳಿದೆನಲ್ಲ. ಈ ದಿನ ಬಂದರೆ ಕುಣಿದುಬಿಡುತ್ತೇನೆ ಎಂದುಕೊಂಡಿದ್ದೆ. ತಿರುಗಿ ನೋಡಿದರೆ ರುದೈನಾ ಪಾರ್ಲರಿನಲ್ಲಿ ಸಿಕ್ಕಿಸಿದ ಪಿನ್ನುಗಳನ್ನು ಒಂದೊಂದೇ ಕಿತ್ತು ಅಡುಗೆಕಟ್ಟೆಯ ಮೇಲೆ ಇಡುತ್ತಿದ್ದಳು.

"ಅಕ್ಕಾ, ಎಲ್ಲರೂ ಹೋದ್ರಾ?"

"ಹೋದ್ರು."

"ಹಾಗಾದ್ರೆ ಬಾಗಿಲು ಹಾಕು. ನೀನೂ ಆಚೆ ಇರು. ಈಗ ನಾನು ಅಳಬೇಕು."

ನಾನು ಬಾಗಿಲು ಹಾಕಿ ಹೊರಗೆ ನಿಂತೆ. ಉಮ್ ರಾಫಿ ಒಂದು ಪಾತ್ರೆ ಹಿಡಿದುಕೊಂಡು ಬಂದು "ಏನಾಯ್ತೇ?" ಎಂದಳು. ಅವಳನ್ನು ಒಳಗೆ ಬಿಡಲಿಲ್ಲ.